ಮೈಲುತುತ್ತ ಅಂತ ತಿಳ್ಕ

೧೯೭೬ರ ಬೇಸಿಗೆ, ಹಿರಿಯೂರು ಬಸ್‌ ನಿಲ್ದಾಣ. ನನ್ನ ಹಿಂದಿನ ಬೆಂಚಿನಲ್ಲಿ, ಮೈಸೂರಿನಲ್ಲಿ ರಸಾಯನಶಾಸ್ತ್ರ ಸಂಶೋಧನೆ ಮಾಡುವವನೊಬ್ಬ ಖಾಲಿ ಸೀಸೆ ಹಿಡಿದು ಅಕ್ಕನ ಮೇಲೆ ಹರಿಹಾಯುತ್ತಿದ್ದ.

“ಮೂರು ತಿಂಗಳು, ಅಕ್ಕಾ! ತಾಮ್ರಕ್ಕೆ ಶಿಫ್‌ ಬೇಸ್‌ ಅನ್ನೋ ರಸಾಯನ ಕೂಡಿಸಿ ಹರಳು ಕಟ್ಟಾಕೆ ಬಿಟ್ಟಿದ್ದೆ. ಅಲುಗಾಡಬಾರದು ಅಂತಲೇ ಊರಿನ ಮನೆ ಗೋಡೆ ಗೂಡಿನಾಗೆ ಇಟ್ಟಿದ್ದೆ.”

“ಕುರಿ ಗೊರಸು ಕೊಳೀತಿದ್ವು ಕಣೋ. ಮೈಲುತುತ್ತದ ನೀರಾಗೆ ನಿಲ್ಲಿಸಬೇಕಿತ್ತು. ನಿನ್ನ ಸೀಸೆಯಾಗಿದ್ದದ್ದನ್ನ ಬಕೀಟಿಗೆ ಸುರಿದೆ. ಕರಗಲೇ ಇಲ್ಲ.”

“ನೀರಾಗೆ ಕರಗಲ್ಲ ಅದು! ಎಲ್ಲೈತೆ ಈಗ?”

“ಕರಗಲಿಲ್ಲ ಅಂತ ಒರಳಿಗೆ ಹಾಕಿ ಕುಟ್ಟಿದೆ.”

“ಕುಟ್ಟಿದ್ಯಾ? ಒಂದೇ ಒಂದು ಹರಳು ಇಡಿಯಾಗಿ ಉಳಿದಿದ್ರೆ ಎಕ್ಸ್‌ರೇ ಹಿಡಿದು ಅದರ ಒಳಗಿನ ರಚನೆ ನೋಡ್ತಿದ್ದೆ! ಅದು ಮೈಲುತುತ್ತ ಅಂತ ಯಾರು ಹೇಳಿದ್ದು ನಿಂಗೆ?”

“ನೀನೇ! ಅದೇನಪ್ಪ ಅಂತ ಎರಡು ಸಲ ಕೇಳಿದೆ. ‘ನಿಂಗೆ ತಿಳಿಯಲ್ಲ, ಮೈಲುತುತ್ತ ಅಂತ ತಿಳ್ಕ’ ಅಂದ್ಯಲ್ಲ. ಹಂಗೇ ತಿಳ್ಕಂಡೆ.”

ಮೈಸೂರಿನ ಬಸ್ಸು ಬಂತು. ಅವನು ತಿರುಗಿ ನೋಡದೆ ಹತ್ತಿ ಕೂತ. ಆಕೆ ಕಿಟಕಿಯಲ್ಲಿ ಬಟ್ಟೆಗಂಟೊಂದನ್ನು ತುರುಕಿದಳು.

“ರೊಟ್ಟಿ ಐತೆ. ರೊಟ್ಟಿ ಅಂತಲೇ ತಿಳ್ಕ.”