ಪದಕದ ಹಿಂಬದಿ

ಹರಿಹರ ಸ್ಟೇಷನ್ನಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಕ್ಕ-ತಮ್ಮನ ಮಾತು, ಕೇಳಬಾರದು ಅಂದುಕೊಂಡರೂ ರೈಲಿಗೆ ಕಾಯುತ್ತಿದ್ದ ಸಹನಾಳ ಕಿವಿಗೆ ಬೀಳುತ್ತಲೇ ಇತ್ತು. ತಮ್ಮ ಮೌನೇಶಾಚಾರಿ ಕಂಚಿನ ಎರಕದವನು.

"ನೀನೇ ಎರಕ ಹೊಯ್ದ ಪ್ರಶಸ್ತಿ ಪದಕ ನೋಡಾಕೆ ಬೆಂಗಳೂರಿಗೆ ಹೊಂಟೀಯಲ್ಲೋ, ಹುಚ್ಚ!"

"ಪದಕ ಅಲ್ಲಕ್ಕ, ಅದರ ಹಿಂಬದಿ. ಎರಕಕ್ಕೆ ಮೊದ್ಲು ಮೇಣದಾಗೆ ಮಾಡಿದ್ದ ಪದಕ ಗಟ್ಟಿ ಆಗೇತಾ ಅಂತ ನೋಡಾಕೆ ಈರಮ್ಮ ಹೆಬ್ಬೆಟ್ಟು ಒತ್ತಿಬಿಟ್ಟಿದ್ಲು. ಡಿಸೈನ್ ಮಾಡಿದ ಮೇಡಂ, ಇರ್ಲಿ ಬಿಡ್ರಿ, ಅಳಿಸಬ್ಯಾಡ್ರಿ ಅಂದ್ರು. ಹಂಗೇ ಎರಕ ಹೊಯ್ದೆ."

"ನೀನು ಬೈದಿರಬೇಕು ಹೆಂಡ್ತಿಗೆ."

"ಬೈದಿದ್ದೆ. ಅವಳು ತೀರಿಹೋಗಿ ಎರಡು ವರ್ಷ ಆತು. ಈಗ ಅವಳ ಕೈಗುರುತು ಅಂತ ಇರೋದು ಅದೊಂದೇ."

"ಮ್ಯೂಸಿಯಮ್ಮಿನಾಗೆ ಗಾಜಿನೊಳಗೆ ಮುಂಬದಿ ಅಷ್ಟೇ ಕಾಣೋದು ಅಂದಿದ್ಯಲ್ಲ?"

"ಫೋನ್ ಮಾಡಿ ಬೇಡ್ಕೊಂಡೆ. ಹೊರಗೆ ತೆಗೆದು ಕೈಯಾಗೆ ಕೊಡ್ತಾರಂತೆ."

"ಮತ್ಯಾಕ ಮುಖ ಹಿಂಗೆ ಮಾಡ್ಕೊಂಡೀಯ?"

"ಗ್ಲೌಸ್ ಹಾಕ್ಕೊಳ್ಳೇಬೇಕಂತೆ. ಅವಳ ಹೆಬ್ಬೆಟ್ಟಿನ ಮ್ಯಾಲೆ ನನ್ನ ಹೆಬ್ಬೆಟ್ಟು ಇಡಬೇಕು ಅಂತಿದ್ದೆ ಅಕ್ಕ."

ರೈಲು ಬಂತು. ಅಕ್ಕ ಬುತ್ತಿಗಂಟನ್ನು ಅವನ ಕೈಗಿಟ್ಟಳು. ಅವನು ಹತ್ತಿ ರೈಲು ಹೊರಟಾಗ ಬಾಗಿಲಿನ ಕಂಬಿ ಹಿಡಿದು ಎರಡು ಹೆಜ್ಜೆ ಜೊತೆಗೇ ನಡೆದಳು.

"ತೆಳ್ಳಗಿರೋ ಗ್ಲೌಸ್ ಕೇಳೋ, ತಮ್ಮಾ."