ವುರಿ ಒಬ್ಬಳೇ ಬಸ್ಸು ಹತ್ತಿದ್ದು

ಸೆಮರಾಂಗ್ ನಗರದ ಬಸ್ ನಿಲ್ದಾಣದಲ್ಲಿ ಅಕ್ಕ ತಂಗಿ ಇಬ್ಬರು ದಾರಿಗೆ ಅಡ್ಡ ನಿಂತು ಜಗಳವಾಡುತ್ತಿದ್ದರು. ಬಸ್ಸಿಗೆ ಕಾಯುತ್ತ ಅವರ ಹಿಂದೆ ನಿಂತಿದ್ದ ನನಗೆ ಸಿಟ್ಟು ನೆತ್ತಿಗೇರಿತ್ತು.

"ವುರಿ, ಮೈಗೆ ಗಾಳಿ ಹೊಕ್ಕಿದೆ ಕಣೆ. ಮನೆಗೆ ಬಾ, ಎಣ್ಣೆ ಹಚ್ಚಿ ಬೆನ್ನನ್ನ ನಾಣ್ಯದಲ್ಲಿ ಕೆರೀತೀನಿ, ಗಾಳಿ ಹೊರಗೆ ಹೋಗುತ್ತೆ."

"ಎರಡು ವರ್ಷ ಕೆರೆದೆಯಲ್ಲಕ್ಕ! ಕೆಂಪು ಪಟ್ಟೆ ಬಿದ್ದು ಬೆನ್ನು ಹುಲಿ ಬೆನ್ನಾಯ್ತು, ಗಾಬರಿ ಹೋಯ್ತಾ?"

"ಡಾಕ್ಟರಮ್ಮ ಏನಂದ್ರು?"

"ಹೃದಯ ಗಟ್ಟಿ ಇದೆ, ಇದು ಗಾಬರಿ ಕಾಯಿಲೆ ಅಂದ್ರು. ಹೆದರಿ ಓಡಿದಷ್ಟೂ ಬಲಿಯುತ್ತಂತೆ, ಕೂತೇ ಇದ್ರೆ ತಾನಾಗೇ ತಗ್ಗುತ್ತಂತೆ. ಇವತ್ತು ಮೂರು ಸ್ಟಾಪು ಒಬ್ಬಳೇ ಹೋಗ್ಬೇಕು."

"ನಾನೂ ಬರ್ತೀನಿ."

"ನೀನು ಬಂದ್ರೆ ಅದು ಲೆಕ್ಕಕ್ಕಿಲ್ಲ."

ಬಸ್ಸು ಬಂತು. ವುರಿ ಹತ್ತಿದಳು, ಹಿಂದೆಯೇ ನಾನೂ ಹತ್ತಿದೆ. ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದು ಬಾಗಿಲ ಬಳಿಯೇ ನಿಂತಳು.

"ಎದೆ ಹೊಡ್ಕೊಳ್ತಿದೆಯೇನೇ?" ಅಕ್ಕ ಕೆಳಗಿನಿಂದ ಕೂಗಿದಳು.

"ಜೋರಾಗಿ! ಹೊಡ್ಕೊಳ್ಳಲಿ ಬಿಡಕ್ಕ, ಅದಕ್ಕೇನು ಬೇರೆ ಟಿಕೆಟ್ ಕೇಳಲ್ಲ."

ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.