ಕಂಚಿನ ರಿಂಗಿನ ಸೀಟು

ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ಚೀಲವೊಂದನ್ನು ಸೀಟಿನಿಂದ ಎತ್ತಬೇಕೇ ಬೇಡವೇ ಎಂಬ ಮಹತ್ವದ ಪ್ರಶ್ನೆ ನಿನ್ನೆ ಬೆಳಿಗ್ಗೆ ಇತ್ಯರ್ಥವಾಯಿತು. ಚೀಲ ಲೇತ್ ಕೆಲಸದ ಮಸ್ತಾನಸಾಬರದು. ನಿಂತಿದ್ದವರು ಭಾನುವಳ್ಳಿಯ ಊರಮ್ಮ.

“ಚೀಲ ತೆಗೀರಿ ಸಾಬ್ರೇ, ಕುಂದುರ್ತೀನಿ.”

“ಅದಕ್ಕೂ ಟಿಕೆಟ್ ತಗಂಡೀನಿ ಅಕ್ಕಾ. ಒಳಗ ಕಂಚಿನ ರಿಂಗೈತೆ.”

“ಯಾವ ಮಹಾರಾಣಿಗ್ರೀ?”

“ಕ್ಷಿಪಣಿ ಹಾರಿಸೋ ಯುದ್ಧನೌಕೆಗೆ. ಮುಂಬೈಯಾಗ ಕಟ್ಟಾಕತ್ಯಾರೆ.”

“ತೊಡಿ ಮ್ಯಾಲ ಇಟ್ಕಳ್ರಿ.”

“ಹೋದ್ಸಲ ಹಂಗೇ ತಂದೆ. ಹಂಪ್‌ನಾಗ ಬಿದ್ದು ಗೀರಾತು, ತಪಾಸಣೆಯವ್ರು ಬ್ಯಾಡ ಅಂದ್ರು. ಇವತ್ತು ದಾವಣಗೆರೆಯಾಗ ಮತ್ತೆ ತಪಾಸಣೆ. ಇದೂ ಕೆಟ್ರೆ ಕೆಲಸ ಬೇರೆಯವ್ರಿಗೆ.”

“ಹಡಗು ಎಷ್ಟುದ್ದ ಐತೆ?”

“ಇಂಥ ಬಸ್ಸು ಹದಿನಾಲ್ಕು ಸಾಲಾಗಿ ನಿಂತಂಗೆ. ಒಳಗ ಮುನ್ನೂರು ಮಂದಿ. ಅವರತ್ರ ನೀರು ಬರದಂಗ ತಡಿಯೋದು ಇದು.”

“ಯಪ್ಪಾ! ನೀವು ಸಮುದ್ರ ನೋಡೀರೇನ್ರಿ?”

“ಹೊಳಿ ನೋಡೀನಿ.”

ಊರಮ್ಮ ಸೀಟಿನ ಕಂಬಿ ಹಿಡಿದು ಚೀಲಕ್ಕೆ ಅಡ್ಡವಾಗಿ ನಿಂತರು. ಆಮೇಲೆ ಹಿಂದಿನವನನ್ನು ಗದರಿದರು:

“ಏ, ಮ್ಯಾಲೆ ಬೀಳಬ್ಯಾಡಪ್ಪ, ಇಲ್ಲಿ ಮುನ್ನೂರು ಮಂದಿ ಕುಂತಾರೆ!”

ದಾವಣಗೆರೆಯಲ್ಲಿ ಇಳಿಯುವಾಗ ಚೀಲಕ್ಕೆ ದಾರಿ ಬಿಡಿಸಿದವರೂ ಅವರೇ.

ರಿಂಗು ಕೂತು ಬಂತು. ಊರಮ್ಮ ನಿಂತು ಬಂದರು.